ಮನೆಯೊಳಗೆ ಪೆಟ್ಟು ತಿಂದರೆ ಮುಂದೇನು: ಕಾಸರಗೋಡಿನ ಕನ್ನಡ ಹೆಂಗಸರಿಗೊಂದು ಸಮಗ್ರ ಮಾರ್ಗದರ್ಶಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಹೆಂಗಸಿಗೆ ಗಂಡನ ಕೈಯಿಂದ ಪೆಟ್ಟು ಬಿದ್ದರೆ ನೋವು ಎಲ್ಲ ಕಡೆಯ ಹಾಗೆಯೇ. ಆದರೆ ಅದನ್ನು ಹೇಳಿಕೊಳ್ಳಲು ಹೊರಟಾಗ ಎರಡು ತೊಡಕು ಹೆಚ್ಚಿಗೆ ಎದುರಾಗುತ್ತವೆ. ಮೊದಲನೆಯದು ಭಾಷೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಸ್ಟೇಷನ್ನಿನ ಕಾಗದ ಮಲೆಯಾಳದಲ್ಲಿ. ಎರಡನೆಯದು ಗಡಿ. ತಾಯಿಮನೆ ಪೈವಳಿಕೆಯಲ್ಲಿ, ಮದುವೆಯಾಗಿ ಹೋದದ್ದು ವಿಟ್ಲಕ್ಕೆ. ಹೊಡೆತ ಬಿದ್ದದ್ದು ಕರ್ನಾಟಕದಲ್ಲಿ, ಓಡಿ ಬಂದದ್ದು ಕೇರಳಕ್ಕೆ. "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಮಾತು ಇಲ್ಲಿ ಎರಡೂ ಕಡೆಯಿಂದ ಕೇಳಿಬರುತ್ತದೆ. ಎರಡು ತೊಡಕಿಗೂ ಕಾನೂನಿನಲ್ಲಿ ಉತ್ತರ ಇದೆ. ಮೇಜಿನ ಆಚೆ ಕೂತವರು ಅದನ್ನು ತಾವಾಗಿ ಹೇಳುವುದು ಕಡಿಮೆ.

ನಾನು ವಕೀಲಳಲ್ಲ. ಕಾನೂನು ಸೇವಾ ಪ್ರಾಧಿಕಾರದ ಪಿ.ಎಲ್.ವಿ. (ಪ್ಯಾರಾ ಲೀಗಲ್ ವಾಲಂಟಿಯರ್, ಎಂದರೆ ಕಾನೂನು ನೆರವಿನ ಸ್ವಯಂಸೇವಕಿ) ಆಗಿ ಹೆಂಗಸರ ಜೊತೆ ಸ್ಟೇಷನ್ನಿಗೆ, ಆಸ್ಪತ್ರೆಗೆ, ವಿದ್ಯಾನಗರದ ಕೋರ್ಟಿಗೆ ಹೋಗುವವಳು. ನನ್ನ ಪಕ್ಕ ಕೂತವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಒಂದು ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ವಿವಾಹಿತೆಯರು ಕರ್ನಾಟಕದಲ್ಲಿ ಶೇಕಡಾ 44.4, ಕೇರಳದಲ್ಲಿ 9.9. ಗಡಿಯ ತಲಪಾಡಿ ದಾಟಿದ ಕೂಡಲೇ ಗಂಡಸರು ಸಾಧುಗಳಾಗುತ್ತಾರೆ ಎಂದು ನಂಬುವಷ್ಟು ಭೋಳೆತನ ನನಗಿಲ್ಲ. ಹೇಳಿಕೊಳ್ಳುವುದು ನಾಚಿಕೆ ಎಂದು ಬಾಯಿ ಮುಚ್ಚಿದವರು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದೇ ಸಮೀಕ್ಷೆಯಲ್ಲಿ, ದೇಶದಲ್ಲಿ ಹಿಂಸೆಗೆ ಒಳಗಾದ ನೂರು ಮಂದಿಯಲ್ಲಿ ಸಹಾಯ ಕೇಳಿದವರು ಬರೀ 14.

ಹೆಜ್ಜೆ 1: ಆಗುತ್ತಿರುವುದಕ್ಕೆ ಹೆಸರಿಡಿ

"ಅವರು ಹೊಡೆಯುವುದಿಲ್ಲ, ಆದರೆ..." ಎಂದು ಶುರುವಾಗುವ ಕಥೆಗಳೇ ಹೆಚ್ಚು. ಬೀಡಿ ಕಟ್ಟಿದ ಸಂಬಳ ಕೈಗೆ ಬಂದ ದಿನವೇ ಕಿತ್ತುಕೊಳ್ಳುವುದು, ಎ.ಟಿ.ಎಂ. ಕಾರ್ಡು ತಾನೇ ಇಟ್ಟುಕೊಳ್ಳುವುದು, ಮೈಮೇಲಿನ ಚಿನ್ನ ಹೇಳದೆ ಅಡವಿಡುವುದು, ಮನೆಗೆ ಬೀಗ ಹಾಕಿ ಹೋಗುವುದು, ಗಲ್ಫಿನಲ್ಲಿ ಕೂತು ದಿನಕ್ಕೆ ಹತ್ತು ಸಲ ವಿಡಿಯೋ ಕಾಲ್ ಮಾಡಿ "ಮನೆ ತೋರಿಸು, ಯಾರಿದ್ದಾರೆ" ಎಂದು ಕೇಳುವುದು, ಒಲ್ಲೆ ಎಂದರೂ ಬಿಡದೆ ಮೈಮೇಲೆ ಬೀಳುವುದು, ಮಕ್ಕಳ ಎದುರು "ಸೂಳೆ" ಎನ್ನುವುದು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂದು ನಾಲ್ಕು ಬಗೆಯ ಹಿಂಸೆಯನ್ನು ಹೇಳುತ್ತದೆ. ಮೇಲಿನ ಪ್ರತಿಯೊಂದೂ ಆ ನಾಲ್ಕರೊಳಗೆ ಬರುತ್ತದೆ.

ಈ ಕಾಯ್ದೆ ಹೆಂಡತಿಗೆ ಮಾತ್ರ ಇರುವುದಲ್ಲ. ಕುಡಿದು ಬರುವ ಮಗನಿಂದ ಪೆಟ್ಟು ತಿನ್ನುವ ತಾಯಿ, ತರವಾಡು ಮನೆಯಲ್ಲಿ ಅಣ್ಣನಿಂದ ಹಿಂಸೆಗೊಳಗಾದ ತಂಗಿ, ಮದುವೆಯಾಗದೆ ಜೊತೆಗೆ ಬಾಳಿದವಳು, ಗಂಡ ತೀರಿಕೊಂಡ ಮೇಲೆ ಮೈದುನರು ಹೊರಹಾಕಿದ ವಿಧವೆ, ಎಲ್ಲರೂ ಇದರಡಿ ಅರ್ಜಿ ಹಾಕಬಹುದು. ವಿಚ್ಛೇದನ ಕೇಳಲೇಬೇಕೆಂದಿಲ್ಲ. ಅದೇ ಮನೆಯಲ್ಲಿದ್ದುಕೊಂಡೇ "ಇನ್ನು ಮುಂದೆ ಕೈ ಎತ್ತಕೂಡದು" ಎಂಬ ಆದೇಶ ತರಬಹುದು. ಸಂಸಾರ ಒಡೆಯುತ್ತದೆ ಎಂದು ಹೆದರಿ ಸುಮ್ಮನಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹೆಜ್ಜೆ 2: ಅಪಾಯ ಎಷ್ಟೆಂದು ಅಳೆಯಿರಿ

ಕೆಲವು ಲಕ್ಷಣ ಕಂಡರೆ "ಇನ್ನೊಮ್ಮೆ ನೋಡೋಣ" ಎನ್ನಬೇಡಿ. ಕುತ್ತಿಗೆ ಹಿಸುಕಿದ್ದು, ಕತ್ತಿ ಹಿಡಿದು ಬೆದರಿಸಿದ್ದು, ಬಸುರಿಯಾಗಿದ್ದಾಗ ಹೊಡೆದದ್ದು, "ನಿನ್ನನ್ನೂ ಕೊಂದು ನಾನೂ ಸಾಯುತ್ತೇನೆ" ಎಂದದ್ದು, ನೀವು ಬಿಟ್ಟು ಹೋಗುವ ಸುಳಿವು ಸಿಕ್ಕಿದ ಮೇಲೆ ಹಿಂಸೆ ಹೆಚ್ಚಿದ್ದು. ಇದರಲ್ಲಿ ಕುತ್ತಿಗೆಯದ್ದನ್ನು ಜನ ಹಗುರವಾಗಿ ನೋಡುತ್ತಾರೆ, ಏಕೆಂದರೆ ಹೊರಗೆ ಗುರುತೇ ಇರದಿರಬಹುದು. ಸ್ವರ ಒಡೆದರೆ, ನುಂಗಲು ಕಷ್ಟವಾದರೆ, ತಲೆ ಸುತ್ತಿದರೆ, ಆ ಹೊತ್ತಿನಲ್ಲಿ ಬಟ್ಟೆಯಲ್ಲೇ ಮೂತ್ರ ಹೋಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒಳಗಿನ ಪೆಟ್ಟು ಗಂಟೆಗಳ ನಂತರವೂ ಜೀವಕ್ಕೆ ಎರವಾಗಬಹುದು.

ಜಗಳ ಏರುವ ಹೊತ್ತಿಗೆ ಅಡಿಗೆ ಕೋಣೆಯಲ್ಲಿ ನಿಲ್ಲಬೇಡಿ. ಮೆಟ್ಟುಕತ್ತಿ, ಸೌದೆ, ಕುದಿಯುವ ನೀರು ಎಲ್ಲವೂ ಅಲ್ಲಿವೆ. ಬಚ್ಚಲಿಗೆ ಒಂದೇ ಬಾಗಿಲು, ಅದೂ ಬೇಡ. ಚಾವಡಿಗೆ, ಅಂಗಳಕ್ಕೆ ಬನ್ನಿ. ತೋಟದ ನಡುವಿನ ಒಂಟಿ ಮನೆಯಾದರೆ ರಾತ್ರಿ ಯಾವ ದಾರಿಯಲ್ಲಿ ಯಾವ ಮನೆಗೆ ಹೋಗುವುದು, ಮಳೆಗಾಲದಲ್ಲಿ ಕಾಲುಸಂಕ ದಾಟಲು ಆಗುತ್ತದೆಯೇ ಎಂದು ಹಗಲಲ್ಲೇ ನೋಡಿಟ್ಟುಕೊಳ್ಳಿ. ಮಕ್ಕಳಿಗೆ ಒಂದು ಗುಟ್ಟಿನ ಮಾತು ಕಲಿಸಿ. "ಅಜ್ಜಿಗೆ ಫೋನ್ ಮಾಡು" ಎಂದರೆ ಪಕ್ಕದ ಮನೆಗೆ ಓಡಬೇಕೆಂದು ಅವಕ್ಕೆ ಗೊತ್ತಿರಲಿ. ಬಿಡಿಸಲು ನಡುವೆ ಬರಬಾರದೆಂದೂ ಹೇಳಿಕೊಡಿ.

ಹೆಜ್ಜೆ 3: ಹೊರಡುವ ಮೊದಲು ಏನೇನು ಎತ್ತಿಡಬೇಕು

ಆಧಾರ್, ರೇಷನ್ ಕಾರ್ಡಿನ ನಕಲು, ಬ್ಯಾಂಕ್ ಪಾಸ್‌ಬುಕ್, ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಪುಸ್ತಕ, ಮಕ್ಕಳ ಜನನ ಪ್ರಮಾಣಪತ್ರ, ಪಂಚಾಯತಿನಿಂದ ಸಿಕ್ಕಿದ ಮದುವೆ ನೋಂದಣಿ ಪತ್ರ, ಹಳೆಯ ಆಸ್ಪತ್ರೆ ಚೀಟಿಗಳು. ಮೂಲವನ್ನು ತೆಗೆದರೆ ಗಂಡನಿಗೆ ಗೊತ್ತಾಗುವುದಾದರೆ ಫೋಟೋ ತೆಗೆದು ನಂಬಿಕೆಯವರಿಗೆ ಕಳಿಸಿ, ನಿಮ್ಮ ಫೋನಿನಿಂದ ಅಳಿಸಿ. ಸ್ವಲ್ಪ ನಗದು, ದಿನವೂ ನುಂಗುವ ಮಾತ್ರೆ, ಮಗುವಿನ ಒಂದು ಜೊತೆ ಬಟ್ಟೆ. ಈ ಚೀಲ ನಿಮ್ಮ ಮನೆಯಲ್ಲಿ ಇರದಿರಲಿ. ಕುಡುಂಬಶ್ರೀ ಹೆಂಗಸರ ಸಂಘದ ಗೆಳತಿಯ ಮನೆಯೋ ಅಂಗನವಾಡಿ ಟೀಚರ ಮನೆಯೋ ಒಳ್ಳೆಯದು.

ಚಿನ್ನದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅರ್ಧ ಕೇಸು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ತಾಯಿಮನೆಯವರು ಹಾಕಿದ ಪವನುಗಳಿಗೆ ಬಿಲ್ಲು ಇರುವುದಿಲ್ಲ. ಅಂಗಡಿಯ ಹೆಸರು ಅಪ್ಪನಿಗೆ ನೆನಪಿರುತ್ತದೆ, ತೂಕ ಅಮ್ಮನಿಗೆ. ಕಾಗದ ಯಾರ ಹತ್ತಿರವೂ ಇಲ್ಲ. ಆಗ ಕೆಲಸಕ್ಕೆ ಬರುವುದು ಮದುವೆ ಆಲ್ಬಮ್. ಒಂದೊಂದು ಫೋಟೋ ನೋಡಿ ಬರೆಯಿರಿ: ಬಲಗೈಯ ಬಳೆ ಎಷ್ಟು, ಅವುಗಳಲ್ಲಿ ಕಲ್ಲಿನವು ಯಾವುವು, ಉದ್ದದ ಸರ, ಗಿಡ್ಡದ ಸರ, ಜುಮುಕಿ. ಪ್ರತಿಯೊಂದರ ಎದುರು ತಾಯಿಮನೆಯದ್ದೋ ಗಂಡನ ಮನೆಯದ್ದೋ, ಈಗ ಎಲ್ಲಿದೆ ಎಂದು ಗುರುತು ಹಾಕಿ. ಸಹಕಾರಿ ಬ್ಯಾಂಕಿನಲ್ಲಿ ಅಡವಿಟ್ಟಿದ್ದರೆ ಅಡವು ಚೀಟಿಯ ಫೋಟೋ ಬೇಕು. ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಸ್ತ್ರೀಧನ ಹಿಂತಿರುಗಿಸಲು ಆದೇಶಿಸಬಹುದು. ಆದರೆ ಏನೇನಿತ್ತು ಎಂದು ತೋರಿಸಬೇಕಾದವರು ನೀವೇ.

ಫೋನಿನಲ್ಲಿ ಮೂರು ಕಡೆ ನೋಡಿ. ವಾಟ್ಸಾಪಿನ 'ಲಿಂಕ್ಡ್ ಡಿವೈಸಸ್'ನಲ್ಲಿ ನಿಮಗೆ ಗೊತ್ತಿಲ್ಲದ ಕಂಪ್ಯೂಟರೋ ಫೋನೋ ಕಾಣುತ್ತದೆಯೇ, ಗೂಗಲ್ ಮ್ಯಾಪಿನಲ್ಲಿ ಲೊಕೇಶನ್ ಯಾರಿಗಾದರೂ ಹಂಚಿದೆಯೇ, ಜಿಮೇಲ್ ಪಾಸ್‌ವರ್ಡ್ ಗಂಡನೇ ಹಾಕಿಕೊಟ್ಟದ್ದೇ. ಇದ್ದಕ್ಕಿದ್ದಂತೆ ಎಲ್ಲ ಬದಲಿಸಿದರೆ ಸಂಶಯ ಬರಬಹುದು. ಹಾಗಾಗಿ ಮುಖ್ಯ ಮಾತುಕತೆಗೆ ಗೆಳತಿಯ ಫೋನೇ ವಾಸಿ. ಅವನು ಕಳಿಸಿದ ಬೆದರಿಕೆಯ ವಾಯ್ಸ್ ಮೆಸೇಜ್ ಮೂಲ ಫೋನಿನಲ್ಲೇ ಇರಲಿ. ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ.

ಹೆಜ್ಜೆ 4: ತುರ್ತಿನಲ್ಲಿ ಯಾರಿಗೆ ಫೋನ್

ಪೊಲೀಸ್ ಈಗಲೇ ಬರಬೇಕಾದರೆ 112. ಮಾತಾಡಿ ದಾರಿ ಕೇಳಲು, ಇರಲು ಜಾಗ ಬೇಕೆಂದು ಹೇಳಲು 181. ಹಗಲು ರಾತ್ರಿ ಇರುತ್ತದೆ. ಮಕ್ಕಳಿಗೆ ತೊಂದರೆಯಾದರೆ 1098. ಫೋಟೋ, ವಿಡಿಯೋ ಹರಿಬಿಡುತ್ತೇನೆಂದು ಬೆದರಿಸಿದರೆ 1930. ಉಚಿತ ವಕೀಲರಿಗೆ 15100. ಬದುಕೇ ಸಾಕೆನಿಸಿದ ರಾತ್ರಿಗೆ 14416, ಟೆಲಿ ಮಾನಸ್.

ಗಡಿಯವರಿಗೆ ಒಂದು ಕಿವಿಮಾತು. ತಲಪಾಡಿ, ವರ್ಕಾಡಿ, ಎಣ್ಮಕಜೆ ಕಡೆ ಫೋನು ಆಚೆಯ ಟವರ್ ಹಿಡಿಯುವುದು ಹೊಸತಲ್ಲ. ನಮ್ಮಲ್ಲಿ ಅನೇಕರ ಸಿಮ್ ಕೂಡ ಮಂಗಳೂರಿನಲ್ಲಿ ತೆಗೆದದ್ದು. ಕರೆ ಇನ್ನೊಂದು ರಾಜ್ಯದ ಕಂಟ್ರೋಲ್ ರೂಮಿಗೆ ಹೋಗಬಹುದು. ಆದ್ದರಿಂದ ಅಳು ಬಂದರೂ ಮೊದಲ ವಾಕ್ಯದಲ್ಲೇ ಊರು, ಪಂಚಾಯತ್, ಜಿಲ್ಲೆ, ಹತ್ತಿರದ ಸ್ಟೇಷನ್ ಹೇಳಿಬಿಡಿ. ಹತ್ತಿರದ ಸ್ಟೇಷನ್ನಿನ ನಂಬರನ್ನು ಬೇರೆ ಹೆಸರಲ್ಲಿ, "ಗ್ಯಾಸ್ ಆಫೀಸ್" ಎಂದೋ ಏನೋ, ಸೇವ್ ಮಾಡಿಟ್ಟುಕೊಳ್ಳಿ.

ರಾತ್ರಿ ಇರಲು ಜಾಗವಿಲ್ಲದಿದ್ದರೆ ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ಐದು ದಿನದವರೆಗೆ ಇರಬಹುದು. ವೈದ್ಯರು, ಪೊಲೀಸ್, ವಕೀಲರು, ಕೌನ್ಸೆಲರ್ ಎಲ್ಲರನ್ನೂ ಅವರೇ ಜೋಡಿಸಿಕೊಡುತ್ತಾರೆ. ಕುಡುಂಬಶ್ರೀಯ 'ಸ್ನೇಹಿತ' ಕೇಂದ್ರವೂ ಜಿಲ್ಲೆಯಲ್ಲಿದೆ. ಹೆಂಗಸರ ದೂರು ಕೇಳುವ ವಾರ್ಡಿನ ಜಾಗ್ರತಾ ಸಮಿತಿ ಹೇಗಿರುತ್ತದೆಂಬುದು ಮೆಂಬರ್ ಮೇಲೆ ಹೋಗುತ್ತದೆ. ಮೆಂಬರ್ ಗಂಡನ ಕಡೆಯ ನೆಂಟನಾದರೆ ಅತ್ತ ಹೋಗಬೇಡಿ.

ಹೆಜ್ಜೆ 5: ಆಸ್ಪತ್ರೆಯಲ್ಲಿ "ಬಿದ್ದೆ" ಎನ್ನಬೇಡಿ

ಡಾಕ್ಟರು "ಏನಾಯಿತು" ಎಂದು ಕೇಳುತ್ತಾರೆ. ಗಂಡನೇ ಪಕ್ಕದಲ್ಲಿ ನಿಂತಿರುತ್ತಾನೆ. "ಬಚ್ಚಲಲ್ಲಿ ಜಾರಿದೆ" ಎಂಬ ಉತ್ತರ ಬಾಯಿಗೆ ತಾನಾಗಿ ಬರುತ್ತದೆ. ಚೀಟಿಯಲ್ಲಿ ಅದೇ ಬರೆದುಹೋಗುತ್ತದೆ. ಆರು ತಿಂಗಳ ನಂತರ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಮೊದಲು ಎತ್ತಿ ತೋರಿಸುವ ಕಾಗದವೂ ಅದೇ. ನರ್ಸ್ ಹತ್ತಿರ ಮೆಲ್ಲಗೆ "ನನಗೆ ಒಬ್ಬಳೇ ಡಾಕ್ಟರ ಹತ್ತಿರ ಮಾತಾಡಬೇಕು" ಎನ್ನಿ. ಯಾರು, ಯಾವುದರಿಂದ, ಎಲ್ಲಿಗೆ ಹೊಡೆದರು ಎಂದು ಹೇಳಿ, ಹಾಗೆಯೇ ಬರೆಯಲು ಕೇಳಿ. ಹೊಡೆತದ ಕೇಸ್ ಎಂದು ಗೊತ್ತಾದರೆ ಆಸ್ಪತ್ರೆಯವರು ಎಂ.ಎಲ್.ಸಿ. (ಮೆಡಿಕೋ ಲೀಗಲ್ ಕೇಸ್) ಎಂದು ದಾಖಲೆ ಮಾಡಿ ಪೊಲೀಸರಿಗೆ ತಿಳಿಸುತ್ತಾರೆ.

ನಮ್ಮವರು ಸಣ್ಣ ಜ್ವರಕ್ಕೂ ಮಂಗಳೂರಿಗೆ ಹೋಗುವವರು. ಅಲ್ಲಿ ಮಾಡಿದ ಎಂ.ಎಲ್.ಸಿ. ಕೇರಳದ ಕೇಸಿಗೂ ನಡೆಯುತ್ತದೆ. ನಂಬರ್ ಬರೆದುಕೊಂಡು ಬನ್ನಿ, ಡಿಸ್ಚಾರ್ಜ್ ಸಮ್ಮರಿಯ ನಕಲು ಬಿಡಬೇಡಿ. ಕಂದಿದ ಗುರುತು ಮೊದಲ ದಿನಕ್ಕಿಂತ ಎರಡನೇ, ಮೂರನೇ ದಿನ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಎರಡು ಮೂರು ದಿನ ಫೋಟೋ ತೆಗೆಯಿರಿ. ಒಂದು ಮುಖ ಕಾಣುವಂತೆ ದೂರದಿಂದ, ಒಂದು ಗಾಯ ಮಾತ್ರ ಹತ್ತಿರದಿಂದ.

ಅತ್ಯಾಚಾರವಾಗಿದ್ದರೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋಗಿ. ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟದೆ ಕಾಗದದಲ್ಲಿ ಸುತ್ತಿ. ಸರಕಾರಿ, ಖಾಸಗಿ ಯಾವ ಆಸ್ಪತ್ರೆಯೂ ಇಂಥ ಸಂದರ್ಭದಲ್ಲಿ ದುಡ್ಡು ಕೇಳುವಂತಿಲ್ಲ, ಮೊದಲು ಎಫ್.ಐ.ಆರ್. ತನ್ನಿ ಎಂದು ಚಿಕಿತ್ಸೆ ನಿಲ್ಲಿಸುವಂತೆಯೂ ಇಲ್ಲ.

ಹೆಜ್ಜೆ 6: ದೂರನ್ನು ಕನ್ನಡದಲ್ಲೇ, ನಿಮ್ಮ ಮಾತಲ್ಲೇ ಬರೆಯಿರಿ

ಈ ಬರಹದಲ್ಲಿ ಒಂದೇ ಹೆಜ್ಜೆ ಓದಿ ಬಿಡುವುದಾದರೆ ಇದನ್ನು ಓದಿ.

ಬಾಯಲ್ಲಿ ಹೇಳಿದ್ದನ್ನು ಪೊಲೀಸರು ಬರೆದುಕೊಳ್ಳಬೇಕು, ಓದಿ ಹೇಳಬೇಕು, ಆಮೇಲೆ ನಿಮ್ಮ ಸಹಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ನಿಯಮ ಇದು. ನಮ್ಮಲ್ಲಿ ಆಗುವುದು ಹೀಗೆ. ಹೆಂಗಸು ತುಳು ಬೆರೆತ ಕನ್ನಡದಲ್ಲಿ ಅಳುತ್ತ ಹೇಳುತ್ತಾಳೆ. ಪೊಲೀಸ್ ಮೇಡಂ ಅರ್ಥವಾದಷ್ಟನ್ನು ಮಲೆಯಾಳದಲ್ಲಿ 'ಮೊಳಿ', ಅಂದರೆ ಹೇಳಿಕೆ, ಬರೆಯುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಅವರಿಗೂ ಕಣ್ಣೂರಿನಿಂದ ವರ್ಗವಾಗಿ ಬಂದು ವರ್ಷ ಆಗಿರುವುದಿಲ್ಲ. ಒಂದು ಸ್ಟೇಷನ್ನಿನಲ್ಲಿ ಹಾಗೆ ಬರೆದದ್ದನ್ನು ನಾನು ಗಟ್ಟಿಯಾಗಿ ಓದಿಸಿದೆ. "ಮಾತಿಗೆ ಮಾತು ಬೆಳೆದು ಗಂಡ ನನ್ನನ್ನು ದೂಡಿದರು" ಎಂದಿತ್ತು.

"ಮೇಡಂ, ಬೈರಾಸಿನಿಂದ ಕುತ್ತಿಗೆ ಬಿಗಿದದ್ದು ಎಲ್ಲಿದೆ?"

"ಚೇಚಿ ಅದು ಹೇಳಿದರಾ?"

ಹೇಳಿದ್ದಳು, ಎರಡು ಸಲ. ಮೇಡಂ ಹಾಳೆ ಬದಲಿಸಿ ಮತ್ತೆ ಬರೆದರು. ದೂಡಿದ್ದಕ್ಕೂ ಕುತ್ತಿಗೆ ಬಿಗಿದದ್ದಕ್ಕೂ ಹಾಕುವ ಕಲಮೇ ಬೇರೆ. ಸಹಿ ಬಿದ್ದ ಮೇಲೆ "ನಾನು ಹಾಗೆ ಹೇಳಿದ್ದಲ್ಲ" ಎಂದರೆ ಕೇಳುವವರಿಲ್ಲ.

ಅದಕ್ಕೇ ಮನೆಯಲ್ಲೇ ಕೂತು ಬರೆದುಕೊಂಡು ಹೋಗಿ. ಹಕ್ಕು ಗಟ್ಟಿ ಇದೆ. ಯಾವ ಕುಂದುಕೊರತೆಯ ಅರ್ಜಿಯನ್ನೂ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಪೊಲೀಸ್ ಸ್ಟೇಷನ್ನೂ ಸರಕಾರಿ ಕಚೇರಿಯೇ. ಜಗಳ ಬೇಡ. "ಕನ್ನಡದಲ್ಲಿ ಬರೆದು ತಂದಿದ್ದೇನೆ, ಇದನ್ನೇ ತೆಗೆದುಕೊಂಡು ರಸೀದಿ ಕೊಡಿ" ಎಂದರೆ ಸಾಕು.

ಬರೆಯುವ ರೀತಿ ಸುಮಾರಾಗಿ ಹೀಗಿರಲಿ:

"ನಾನು ಇಂಥ ಪಂಚಾಯತಿನ ಇಂಥ ವಾರ್ಡಿನಲ್ಲಿ ವಾಸ. ನನಗೆ ಇಂಥವರ ಜೊತೆ ಇಂಥ ದಿನ ಮದುವೆಯಾಗಿದೆ. ಎರಡು ಮಕ್ಕಳಿದ್ದಾರೆ. ಕಳೆದ ಶುಕ್ರವಾರ, ಇಂಥ ತಾರೀಕು, ರಾತ್ರಿ ಸುಮಾರು ಒಂಬತ್ತು ಗಂಟೆಗೆ ಗಂಡ ಕುಡಿದು ಬಂದು ಚಾವಡಿಯಲ್ಲಿ ನನ್ನ ಜುಟ್ಟು ಹಿಡಿದು ಎಳೆದರು. ಹೆಗಲಲ್ಲಿದ್ದ ಬೈರಾಸನ್ನು ನನ್ನ ಕುತ್ತಿಗೆಗೆ ಸುತ್ತಿ ಬಿಗಿದರು. ನನಗೆ ಉಸಿರು ಕಟ್ಟಿತು, ಕಣ್ಣು ಕತ್ತಲೆ ಬಂತು. 'ನಿನ್ನನ್ನು ತೋಟದಲ್ಲೇ ಹೂಳುತ್ತೇನೆ' ಎಂದರು. ದೊಡ್ಡ ಮಗಳು ಬೊಬ್ಬೆ ಹಾಕಿದಾಗ ಪಕ್ಕದ ಮನೆಯವರು ಬಂದರು. ಮರುದಿನ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿದ್ದೇನೆ, ಚೀಟಿ ಇಟ್ಟಿದ್ದೇನೆ. ಇದಕ್ಕೆ ಮೊದಲು ಮಳೆಗಾಲ ಶುರುವಾದಾಗ ಒಮ್ಮೆ, ಕಳೆದ ಓಣಂ ರಜೆಯಲ್ಲಿ ಒಮ್ಮೆ ಹೊಡೆದಿದ್ದಾರೆ. ನನಗೂ ಮಕ್ಕಳಿಗೂ ಜೀವಭಯ ಇದೆ. ಕ್ರಮ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ."

"ಮಾನಸಿಕವಾಗಿಯೂ ದೈಹಿಕವಾಗಿಯೂ ಚಿತ್ರಹಿಂಸೆ ನೀಡಿರುತ್ತಾರೆ" ಎಂಬಂಥ ವಾಕ್ಯ ಬೇಡ. ಅದರಲ್ಲಿ ಏನಾಯಿತೆಂದೇ ಇಲ್ಲ. ಯಾವಾಗ, ಎಲ್ಲಿ, ಯಾವ ಕೈಯಿಂದ, ಯಾವುದರಿಂದ, ದೇಹದ ಯಾವ ಭಾಗಕ್ಕೆ, ಬಾಯಲ್ಲಿ ಏನೆಂದರು, ಯಾರು ನೋಡಿದರು. ತಾರೀಕು ನೆನಪಿಲ್ಲದಿದ್ದರೆ ಸುಳ್ಳು ತಾರೀಕು ಹಾಕದೆ "ಕುಂಬಳೆ ಆಯನದ ಮರುದಿನ", "ಮಗನ ಪರೀಕ್ಷೆಯ ವಾರ" ಎಂದು ಬರೆಯಿರಿ. ನಡೆಯದ್ದನ್ನು ಸೇರಿಸಬೇಡಿ. ಊರಿನ ದೊಡ್ಡವರೊಬ್ಬರು "ಮಾವ, ಮೈದುನ, ನಾದಿನಿ ಎಲ್ಲರ ಹೆಸರೂ ಹಾಕು, ಗಟ್ಟಿಯಾಗುತ್ತದೆ" ಎಂದು ಸಲಹೆ ಕೊಡುತ್ತಾರೆ. ಸೌದಿಯಲ್ಲಿರುವ ಮೈದುನನನ್ನೂ ಸೇರಿಸಿದರೆ ಇಡೀ ದೂರು ತೆಳ್ಳಗಾಗುತ್ತದೆ, ನಿಜವಾಗಿ ಹೊಡೆದವನೂ ಅದರ ಮರೆಯಲ್ಲಿ ತಪ್ಪಿಸಿಕೊಳ್ಳುತ್ತಾನೆ.

ಬರೆಯಲು ಬಾರದವರಿಗೆ ಬರೆದುಕೊಡುವುದು ಪಿ.ಎಲ್.ವಿ.ಗಳ ಕೆಲಸವೇ. ಸಂಕೋಚ ಬೇಡ.

ಹೆಜ್ಜೆ 7: ಸ್ಟೇಷನ್ನಿನಲ್ಲಿ

ಹತ್ತಿರದ ಯಾವ ಸ್ಟೇಷನ್ ಆದರೂ ಆಗುತ್ತದೆ. ಹೆಂಗಸರೇ ಇರಬೇಕೆಂದರೆ ಕಾಸರಗೋಡಿನಲ್ಲಿ ವನಿತಾ ಸ್ಟೇಷನ್ ಇದೆ. ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಲೆಯಾಳ ಓದಲು ಬರುವವರಾದರೆ ಇನ್ನೂ ಒಳ್ಳೆಯದು. ಲೈಂಗಿಕ ಅಪರಾಧಗಳ ದೂರನ್ನು ಮಹಿಳಾ ಪೊಲೀಸರೇ ಬರೆದುಕೊಳ್ಳಬೇಕು.

ಗಂಡ ಅಥವಾ ಅವನ ಸಂಬಂಧಿಕರ ಕ್ರೌರ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆ ಇದೆ. ಹಿಂದಿನ ಭಾರತೀಯ ದಂಡ ಸಂಹಿತೆಯ 498ಎ ಇದೇ. ಸ್ಟೇಷನ್ನಿನಲ್ಲಿ ಈಗಲೂ ಹಳೆಯ ನಂಬರೇ ಬಾಯಿಗೆ ಬರುತ್ತದೆ. ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಪೊಲೀಸರಿಗೆ ಅವಕಾಶವಿದೆ, ಆದ್ದರಿಂದ ಅದೇ ದಿನ ಎಫ್.ಐ.ಆರ್. ಆಗದಿದ್ದರೆ ಮೋಸವಾಯಿತೆಂದು ತಿಳಿಯಬೇಕಾಗಿಲ್ಲ. ಆದರೆ ರಸೀದಿ ಇಲ್ಲದೆ ಹೊರಗೆ ಬರಬೇಡಿ. ಎಫ್.ಐ.ಆರ್. ಆದರೆ ನಕಲು ಉಚಿತ. ತೆಗೆದುಕೊಳ್ಳಲೇ ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಅದೇ ಕನ್ನಡದ ದೂರನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ಅಂಚೆ ಚೀಟಿ ಜೋಪಾನವಾಗಿಡಿ. ಅದಕ್ಕೂ ಅಲ್ಲಾಡದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ನಿಮಗೆ ತಿಳಿಸುವುದು ಪೊಲೀಸರ ಕರ್ತವ್ಯ.

ಗಂಡನನ್ನು ಕೂಡಲೇ ಹಿಡಿದು ಒಳಗೆ ಹಾಕುತ್ತಾರೆಂದು ಕಾಯಬೇಡಿ. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ಇಂಥ ಕೇಸಿನಲ್ಲಿ ಕಾರಣ ಬರೆಯದೆ ಬಂಧಿಸುವಂತಿಲ್ಲ. ಹೆಚ್ಚಾಗಿ ನೋಟಿಸ್ ಕೊಟ್ಟು ಕಳಿಸುತ್ತಾರೆ. ಆ ನೋಟಿಸ್ ಕೈಗೆ ಸಿಕ್ಕಿದ ರಾತ್ರಿ ಅವನು ಹೇಗೆ ಮನೆಗೆ ಬರುತ್ತಾನೆಂದು ನಿಮಗೆ ಗೊತ್ತು. ಆ ರಾತ್ರಿ ನೀವು ಬೇರೆಡೆ ಇರಿ.

ಹೆಜ್ಜೆ 8: ಸಂರಕ್ಷಣಾ ಆದೇಶ

ಪೊಲೀಸ್ ಕೇಸು ಅವನಿಗೆ ಶಿಕ್ಷೆಯಾಗಲು. ನಿಮಗೆ ಇರಲು ಮನೆ, ಖರ್ಚಿಗೆ ದುಡ್ಡು, ಹತ್ತಿರ ಬರದಂತೆ ತಡೆ ಬೇಕಾದರೆ ಕೌಟುಂಬಿಕ ಹಿಂಸೆ ಕಾಯ್ದೆಯ 12ನೇ ಕಲಮಿನ ಅರ್ಜಿ ಬೇರೆಯೇ ಹಾಕಬೇಕು. ಎರಡೂ ಒಟ್ಟಿಗೆ ನಡೆಯಬಹುದು. ನನ್ನನ್ನು ಕೇಳಿದರೆ ಹೆಚ್ಚಿನವರಿಗೆ ಮೊದಲು ಬೇಕಾದದ್ದು ಈ ಎರಡನೆಯದು.

ಜಿಲ್ಲೆಯ ಮಹಿಳಾ ಸಂರಕ್ಷಣಾಧಿಕಾರಿಯ ಹತ್ತಿರ ಹೋದರೆ ಅವರು 'ಡಿ.ಐ.ಆರ್.' (ಮನೆಯೊಳಗೆ ಆದ ಹಿಂಸೆಯ ವಿವರ) ಎಂಬ ವರದಿ ತಯಾರಿಸುತ್ತಾರೆ, ಅರ್ಜಿಯ ಜೊತೆ ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಡಿ.ಐ.ಆರ್. ಫಾರ್ಮಿನಲ್ಲಿ ಹಿಂಸೆಯ ಬಗೆಗಳನ್ನು ಸಾಲಾಗಿ ಕೊಟ್ಟು ಗುರುತು ಹಾಕಲು ಹೇಳುತ್ತದೆ. ಆರ್ಥಿಕ ಹಿಂಸೆಯ ಸಾಲುಗಳನ್ನು ಅವಸರದಲ್ಲಿ ಹಾರಿಸಬೇಡಿ, ಜೀವನಾಂಶ ಕೇಳಲು ಆಧಾರವೇ ಅವು. ವಕೀಲರಿಗೆ ದುಡ್ಡಿಲ್ಲ ಎಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ; ತೋಟದ ಮಾಲೀಕನ ಹೆಂಡತಿಗೂ ಸಿಗುತ್ತಾರೆ. ಪ್ರಾಧಿಕಾರದ ಕಚೇರಿ ವಿದ್ಯಾನಗರದ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇದೆ. "ಕನ್ನಡ ಬಲ್ಲ ವಕೀಲರು ಬೇಕು" ಎಂದು ಅರ್ಜಿಯಲ್ಲೇ ಬರೆಯಿರಿ. ನಮ್ಮ ಕೋರ್ಟುಗಳಲ್ಲಿ ಕನ್ನಡ ಬಲ್ಲ ವಕೀಲರಿಗೆ ಬರವಿಲ್ಲ.

ಏನೇನು ಕೇಳಬಹುದು? ಹೊಡೆಯದಂತೆ, ಕೆಲಸದ ಜಾಗಕ್ಕೆ, ಮಕ್ಕಳ ಶಾಲೆಗೆ ಬರದಂತೆ ತಡೆ. ಮನೆಯಿಂದ ನಿಮ್ಮನ್ನು ಹೊರಹಾಕದಂತೆ ಆದೇಶ, ಬೇಕಾದರೆ ಅವನೇ ಹೊರಗೆ ಹೋಗಬೇಕೆಂಬ ಆದೇಶ, ಇಲ್ಲವೇ ಬೇರೆ ಮನೆಯ ಬಾಡಿಗೆ. ಚಿಕಿತ್ಸೆಯ ಖರ್ಚು, ಜೀವನಾಂಶ, ಪರಿಹಾರ, ಮಕ್ಕಳ ತಾತ್ಕಾಲಿಕ ಸುಪರ್ದಿ. "ಮನೆ ನನ್ನ ಹೆಸರಲ್ಲಿದೆ, ಸೊಸೆಗೆ ಏನು ಹಕ್ಕು" ಎಂದು ಮಾವ ಕೇಳುತ್ತಾರೆ. ಮಾವನ ಹೆಸರಿನ ಮನೆಯೂ ಸೊಸೆ ಸಂಸಾರ ಮಾಡಿದ ಮನೆಯಾಗಿದ್ದರೆ ವಾಸದ ಹಕ್ಕು ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆ ಅವಳದ್ದಾಗುವುದಿಲ್ಲ, ಅವಳನ್ನು ಬೀದಿಗೆ ತಳ್ಳುವಂತಿಲ್ಲ ಅಷ್ಟೇ.

ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದೊಳಗೆ ತೀರ್ಮಾನ ಎಂದು ಕಾಯ್ದೆ ಹೇಳುತ್ತದೆ. 60 ದಿನದ ಮಾತು ಕಾಗದದಲ್ಲಿ ಉಳಿಯುವುದೇ ಹೆಚ್ಚು. ಆದ್ದರಿಂದ 23ನೇ ಕಲಮಿನ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳುವಂತೆ ವಕೀಲರಿಗೆ ಹೇಳಿ. ಗಂಡ ಬಾರದಿದ್ದರೂ, ಗಲ್ಫಿನಲ್ಲಿದ್ದರೂ ಅದನ್ನು ಕೊಡಬಹುದು.

ಹೆಜ್ಜೆ 9: ಗಡಿ ದಾಟಿ ಬಂದವರಿಗೆ

ಪುತ್ತೂರು, ಸುಳ್ಯ, ಬಂಟ್ವಾಳದ ಗಂಡನ ಮನೆಯಿಂದ ಈಚೆಗೆ ಬಂದವರು ಅಲ್ಲಿಗೇ ಹೋಗಿ ಕೇಸು ಹಾಕಬೇಕೆಂದಿಲ್ಲ. ನೀವು ತಾತ್ಕಾಲಿಕವಾಗಿ ವಾಸವಿರುವ ಊರಿನ ಮ್ಯಾಜಿಸ್ಟ್ರೇಟರಿಗೂ ಅಧಿಕಾರವಿದೆ. ಕೌಟುಂಬಿಕ ಹಿಂಸೆ ಕಾಯ್ದೆಯ 27ನೇ ಕಲಂ ನೋಡಿ. ಕ್ರೌರ್ಯದ ಪೊಲೀಸ್ ಕೇಸಿಗೂ ಅಷ್ಟೇ. ಗಂಡನ ಮನೆ ಬಿಟ್ಟು ಆಶ್ರಯ ಪಡೆದ ಊರಿನಲ್ಲೇ ದೂರು ಕೊಡಬಹುದೆಂದು 2019ರ ರೂಪಾಲಿ ದೇವಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಇದೆಲ್ಲ ಹೇಳಿಯೂ "ಅಲ್ಲಿಗೆ ಹೋಗಿ" ಎಂದರೆ "ಝೀರೋ ಎಫ್.ಐ.ಆರ್. ಮಾಡಿ ನೀವೇ ಕಳಿಸಿ" ಎನ್ನಿ. ವ್ಯಾಪ್ತಿ ಯಾವುದೇ ಇರಲಿ ದೂರು ದಾಖಲಿಸಬೇಕೆಂಬುದು ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಇದೆ.

ಆಚೆಗೆ ಮದುವೆಯಾಗಿ ಅಲ್ಲೇ ಇರುವವರಿಗೆ ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿ.ಡಿ.ಪಿ.ಒ., ಸಂರಕ್ಷಣಾಧಿಕಾರಿಯ ಕೆಲಸ ಮಾಡುತ್ತಾರೆ. ಸಾಂತ್ವನ ಕೇಂದ್ರಗಳೂ ಇವೆ. ಅಂಗನವಾಡಿಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ.

ತಡವಾಯಿತೆಂದು ಕೈಬಿಡಬೇಡಿ. ಕ್ರೌರ್ಯದ ಕೇಸಿಗೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ ಇದೆ. 12ನೇ ಕಲಮಿನ ಅರ್ಜಿಗೆ ಆ ಮಿತಿ ಅಡ್ಡ ಬರುವುದಿಲ್ಲ.

ಹೆಜ್ಜೆ 10: ರಾಜಿಗೆ ಕರೆದರೆ

ಕರೆಯುತ್ತಾರೆ. ಜಮಾಅತ್, ಜಾತಿ ಸಂಘ, ಇಗರ್ಜಿ, ದೇವಸ್ಥಾನದ ಮೊಕ್ತೇಸರರು, ಕೊನೆಗೆ ನಿಮ್ಮ ಅಣ್ಣನೇ. ನಾನು ರಾಜಿಯ ವಿರೋಧಿಯಲ್ಲ, ಆದರೆ ಕುತ್ತಿಗೆ ಹಿಸುಕಿದವನ ಜೊತೆ ರಾಜಿಗೆ ಕೂರಿಸುವವರ ಮೇಲೆ ನನಗೆ ಸಿಟ್ಟಿದೆ. ಕೂರುವುದಾದರೆ ನಿಮ್ಮ ಕಡೆಯ ಒಬ್ಬ ಹೆಂಗಸಾದರೂ ಪಕ್ಕದಲ್ಲಿರಲಿ. "ನನ್ನಿಂದಲೂ ತಪ್ಪಾಗಿದೆ" ಎಂದು ಬರೆದ ಕಾಗದಕ್ಕೆ ಸಹಿ ಬೇಡ. ದೂರು ಹಿಂತೆಗೆದರೆ ಮಾತ್ರ ಚಿನ್ನ ಕೊಡುತ್ತೇವೆ ಎಂದರೆ ಚಿನ್ನ ಮೊದಲು. ಒಪ್ಪಂದವೇನಿದ್ದರೂ ವಕೀಲರ ಮೂಲಕ ಕೋರ್ಟಿನಲ್ಲಿ ದಾಖಲಾಗಲಿ. ಹೋಟೆಲಿನ ಹಿಂದಿನ ಕೋಣೆಯಲ್ಲಿ ಬರೆದ ಸ್ಟಾಂಪ್ ಪೇಪರಿಗೆ ಮುಂದಿನ ಪೆಟ್ಟನ್ನು ತಡೆಯುವ ಶಕ್ತಿ ಇಲ್ಲ.

ಹೆಜ್ಜೆ 11: ಆದೇಶ ಕೈಗೆ ಬಂದ ಮೇಲೆ

ನಕಲು ಉಚಿತವಾಗಿ ಸಿಗಬೇಕು. ಆದೇಶ ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ವಕೀಲರನ್ನು ಕೂರಿಸಿ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ, ಅವನು ಏನೇನು ಮಾಡಕೂಡದು ಎಂಬುದನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಒಂದು ನಕಲು ನಿಮ್ಮ ಸ್ಟೇಷನ್ನಿಗೆ ಕೊಟ್ಟು ರಸೀದಿ ಪಡೆಯಿರಿ. ಇನ್ನೊಂದು ಮಕ್ಕಳ ಶಾಲೆಯ ಹೆಡ್‌ಮಾಸ್ಟರಿಗೆ, ಏಕೆಂದರೆ ಅಪ್ಪ ಬಂದು ಮಗುವನ್ನು ಕರೆದುಕೊಂಡು ಹೋಗುವುದು ಶಾಲೆಯಿಂದಲೇ. ಆದೇಶ ದೇಶದಾದ್ಯಂತ ಜಾರಿಯಲ್ಲಿರುತ್ತದೆ. ಗಂಡ ಮಂಗಳೂರಿನಲ್ಲಿ ಕೆಲಸ ಮಾಡುವವನಾಗಿ, ನೀವು ಅಲ್ಲಿಗೆ ಆಸ್ಪತ್ರೆಗೋ ಮದುವೆಗೋ ಹೋಗುವವರಾದರೆ ಚೀಲದಲ್ಲಿ ಒಂದು ನಕಲು ಇರಲಿ.

ಆದೇಶ ಮೀರಿ ಫೋನ್ ಮಾಡಿದರೂ, ಗೇಟಿನ ಹತ್ತಿರ ಬಂದು ನಿಂತರೂ ಅದು ಬೇರೆಯೇ ಅಪರಾಧ. ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಮೀರಿದ್ದಾನೆಂದು ತೀರ್ಮಾನಿಸಲು ನಿಮ್ಮ ಒಬ್ಬರ ಸಾಕ್ಷಿಯೇ ಕೋರ್ಟಿಗೆ ಸಾಕಾಗಬಹುದು. ಆದರೂ ಪ್ರತಿ ಸಲ ತಾರೀಕು, ಗಂಟೆ, ಏನೆಂದ ಎಂದು ಒಂದು ಪುಸ್ತಕದಲ್ಲಿ ಬರೆಯಿರಿ, ಕಾಲ್ ಲಿಸ್ಟಿನ ಸ್ಕ್ರೀನ್‌ಶಾಟ್ ಇಡಿ, ಅದೇ ದಿನ ಸ್ಟೇಷನ್ನಿಗೆ ತಿಳಿಸಿ. ನೀವಾಗಿ ರದ್ದು ಮಾಡಲು ಕೇಳುವವರೆಗೆ ಸಂರಕ್ಷಣಾ ಆದೇಶ ಉಳಿಯುತ್ತದೆ. ಪರಿಸ್ಥಿತಿ ಬದಲಾಗಿದೆ ಎಂದು ಅವನು ಅರ್ಜಿ ಹಾಕಿದರೆ ನಿಮಗೆ ನೋಟಿಸ್ ಬರುತ್ತದೆ. ಆ ನೋಟಿಸ್ ಹಿಂದಿನ ವಿಳಾಸಕ್ಕೆ, ಎಂದರೆ ಅವನ ಮನೆಗೇ, ಹೋಗದಂತೆ ನಿಮ್ಮ ಈಗಿನ ವಿಳಾಸವನ್ನು ಕೋರ್ಟಿಗೂ ವಕೀಲರಿಗೂ ಬರೆದು ಕೊಟ್ಟಿರಿ.